ಬೆರ್ಟಾಳಿಗೆ ಹೊಸ ತೊಗಲು

ಎಗಾನ್ ಹೇಫೆಲೆ ಎಲ್ಲಿಗೆ ಹೋದರೂ ಅವನ ಬಲಗೈ ಅವನಿಗಿಂತ ಒಂದು ಹೆಜ್ಜೆ ಮುಂದೆ ಹೋಗುತ್ತಿತ್ತು. ಯಾರಾದರೂ ಊಟಕ್ಕೆ ಕರೆದರೆ, ಮನೆಯೊಡತಿಯ ಕುಶಲ ಕೇಳುವ ಮೊದಲೇ ಅವನ ಅಂಗೈ ಬಾಗಿಲ ಚೌಕಟ್ಟನ್ನು ಒಮ್ಮೆ ಸವರಿ ಬಂದಿರುತ್ತಿತ್ತು. ಸವರುವಾಗ ಕಣ್ಣು ಮುಚ್ಚುತ್ತಿದ್ದ. ಕಣ್ಣು ಸುಳ್ಳು ಹೇಳುತ್ತದೆ, ಅಂಗೈ ಹೇಳುವುದಿಲ್ಲ ಎಂಬುದು ಅವನ ಸಿದ್ಧಾಂತ. ಸ್ವಂತ ಸೋದರಮಾವನ ಶವಪೆಟ್ಟಿಗೆಯನ್ನು ಹೊರುವಾಗಲೂ ಮುಚ್ಚಳವನ್ನು ಸವರಿ, "ಎರಡನೇ ಕೋಟು ಒಣಗೋಕೇ ಬಿಟ್ಟಿಲ್ಲ ಬೇವರ್ಸಿಗಳು" ಎಂದು ಪಾದ್ರಿಯ ಕಿವಿಗೆ ಬೀಳುವಂತೆ ಗೊಣಗಿದ್ದ. ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಮುಚ್ಚಳ ನೋಡಿದರು. ಅವನು ಹೇಳಿದ್ದು ನಿಜವಾಗಿತ್ತು.

ಕಣಿವೆಯ ಊರಿನಲ್ಲಿ ಅಡುಗೆಮನೆ ಕಪಾಟು ಮಾಡುವ ಕಾರ್ಖಾನೆಯಲ್ಲಿ ಅವನು ನಲವತ್ತಮೂರು ವರ್ಷ ಬಣ್ಣ ಹೊಡೆದ. ಆದರೆ ಅದು ಹೊಟ್ಟೆಪಾಡು. ಅವನ ನಿಜವಾದ ಬದುಕು ನಡೆದದ್ದು ಶನಿವಾರ, ಭಾನುವಾರಗಳಲ್ಲಿ, ಹಾಸೆನ್‌ಬೂಲ್ ಗುಡ್ಡದ ಮೇಲಿನ ನಮ್ಮ ಗ್ಲೈಡರ್ ಕ್ಲಬ್ಬಿನ ಶೆಡ್ಡಿನಲ್ಲಿ. ನಮ್ಮಲ್ಲಿ ಬೇಸಿಗೆಗೆ ಹಾರಬೇಕೆಂದರೆ ಚಳಿಗಾಲಕ್ಕೆ ಉಜ್ಜಬೇಕು. ಡಾಕ್ಟರಿರಲಿ, ಡ್ರೈವರಿರಲಿ, ನವೆಂಬರ್ ಬಂತೆಂದರೆ ಎಲ್ಲರ ಕೈಗೂ ಒಂದೊಂದು ತುಂಡು ಉಪ್ಪುಕಾಗದ. ಗ್ಲೈಡರಿನ ಮೈಮೇಲಿನ ಗಟ್ಟಿ ಬಿಳಿ ಪದರ ಬಿಸಿಲು ಚಳಿ ತಿಂದು ಇಪ್ಪತ್ತು ಮೂವತ್ತು ವರ್ಷಕ್ಕೆ ಹಳೆಯ ಪಿಂಗಾಣಿ ಬಟ್ಟಲಿನಂತೆ ಬಿರಿಯುತ್ತದೆ. ಆಗ ಅಷ್ಟನ್ನೂ ಕೈಯಿಂದ ಉಜ್ಜಿ ತೆಗೆದು ಹೊಸದಾಗಿ ಬಣ್ಣ ಹೊಡೆಯಬೇಕು. ಒಂದು ಗ್ಲೈಡರ್ ಉಜ್ಜಿ ಮುಗಿಸುವುದೆಂದರೆ ಎರಡು ಚಳಿಗಾಲ, ಮೂರು ಜಗಳ, ಒಂದು ವಿಚ್ಛೇದನ ಎಂದು ನಮ್ಮಲ್ಲೊಂದು ಅಂದಾಜಿದೆ. ಎಗಾನ್ ಅಂಥ ಏಳನ್ನು ಮುಗಿಸಿದ್ದ, ವಿಚ್ಛೇದನವಿಲ್ಲದೆ. ಅದರ ಯಶಸ್ಸೆಲ್ಲ ಅವನ ಹೆಂಡತಿ ರೋಸ್ವಿಟಾಳಿಗೆ ಸೇರಬೇಕು. "ನಮ್ಮನೇಲಿ ತುರಿಮಣೆ ಇಲ್ಲ. ಗಜ್ಜರಿ ತುರೀಬೇಕಾದ್ರೆ ಗಂಡನ ಕೈ ಹಿಡ್ಕೋತೀನಿ" ಎನ್ನುತ್ತಿದ್ದಳು ಅವಳು.

ಎಗಾನ್ ಮೊದಲ ಬಾರಿ ಒಬ್ಬನೇ ಹಾರಿದ್ದು ಹದಿನೇಳನೇ ವಯಸ್ಸಿನಲ್ಲಿ. ಇಳಿದ ಕೂಡಲೇ ಪದ್ಧತಿಯಂತೆ ಅವನನ್ನು ಬಗ್ಗಿಸಿ ನಿಲ್ಲಿಸಿ, ಕ್ಲಬ್ಬಿನವರೆಲ್ಲ ಸಾಲಾಗಿ ಬಂದು ಪೃಷ್ಠಕ್ಕೆ ಒಂದೊಂದು ಬಾರಿಸಿ, ಕೈಗೆ ಮುಳ್ಳುಗಿಡದ ಹೂಗುಚ್ಛ ಕೊಟ್ಟರು. ಇದು ಶಿಕ್ಷೆಯಲ್ಲ, ಸಂಸ್ಕಾರ. ಗ್ಲೈಡರಿಗೆ ಎಂಜಿನ್ನಿಲ್ಲ, ನೆಲದಿಂದೇಳುವ ಬಿಸಿಗಾಳಿ ಎಲ್ಲಿ ಎತ್ತುತ್ತದೆಂಬುದು ಮೊದಲು ತಿಳಿಯುವುದು ಕೂತ ಜಾಗಕ್ಕೆ, ಆಮೇಲೆ ಯಂತ್ರದ ಮುಳ್ಳಿಗೆ. ಆದ್ದರಿಂದ ಆ ಅಂಗವನ್ನು ಶುರುವಿನಲ್ಲೇ ಬಡಿದೆಬ್ಬಿಸಬೇಕು. ಐವತ್ತನಾಲ್ಕು ವರ್ಷದ ಹಿಂದೆ ಬಿದ್ದ ಆ ಪೆಟ್ಟುಗಳು ತನಗಿನ್ನೂ ಕೆಲಸಕ್ಕೆ ಬರುತ್ತಿವೆ ಎಂದು ಎಗಾನ್ ಗಂಭೀರವಾಗಿ ನಂಬಿದ್ದ.

ಕತೆ ಶುರುವಾಗುವುದು ಅವನ ಎಪ್ಪತ್ತೊಂದನೇ ವರ್ಷದ ನವೆಂಬರಿನಲ್ಲಿ, ಕ್ಲಬ್ಬಿನ ವಾರ್ಷಿಕ ಸಭೆಯಲ್ಲಿ. ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ರೊಟ್ಟಿಗಳು ಮುಗಿದು ಬಿಯರ್ ಉಳಿದಿದ್ದ ಹೊತ್ತು. ಅಧ್ಯಕ್ಷ ಫೋಲ್ಕ್‌ಮಾರ್ ಎದ್ದು ನಿಂತ. ಮೂವತ್ತು ವರ್ಷ ಗಣಿತ ಪಾಠ ಮಾಡಿ ನಿವೃತ್ತನಾದ ಈ ಮನುಷ್ಯ, ಸಭೆಯಲ್ಲಿ ಮಾತಾಡುವಾಗ ಇಲ್ಲದ ಕಪ್ಪುಹಲಗೆಯ ಕಡೆ ತಿರುಗುತ್ತಿದ್ದ.

"ಬೆರ್ಟಾಗೆ ನಲವತ್ತೆಂಟು ವರ್ಷ" ಎಂದ. ಬೆರ್ಟಾ ಎಂದರೆ ನಮ್ಮ ಒಂದೇ ಸೀಟಿನ ಹಳೆಯ ಗ್ಲೈಡರ್. "ಮೈಯೆಲ್ಲ ಬಿರುಕು. ಈ ಮೈ ಇಟ್ಕೊಂಡು ಮುಂದಿನ ವರ್ಷ ಹಾರೋ ಹಾಗಿಲ್ಲ ಅಂತ ಪರೀಕ್ಷಕರು ಬಾಯಿಬಿಟ್ಟೇ ಹೇಳಿದಾರೆ. ಈಗ ಕೆಳಗಿನ ಬಿಯರ್ ತೋಟದ ಹೋಟ್ಲಿನವರು ಕೇಳ್ತಿದಾರೆ, ನಮಗೆ ಕೊಡಿ, ಮಾಡಿನ ಮೇಲೆ ಅಲಂಕಾರಕ್ಕೆ ಇಟ್ಕೋತೀವಿ ಅಂತ. ದೀಪಾನೂ ಹಾಕ್ತಾರಂತೆ."

"ದೀಪಾನಾ?" ಎಂದ ಎಗಾನ್.

"ಬಣ್ಣಬಣ್ಣದ್ದು."

ಎಗಾನ್ ಮೇಜನ್ನು ಸವರಿದ. ಬೆರ್ಟಾಳಲ್ಲಿ ಅವನು ಒಮ್ಮೆ ಐದು ಗಂಟೆ ನೆಲ ಮುಟ್ಟದೆ ಹಾರಿದ್ದ. ರೋಸ್ವಿಟಾಳನ್ನು ಮದುವೆಗೆ ಕೇಳಲು ಧೈರ್ಯ ಬಂದದ್ದು ಆ ಸಂಜೆ. ಆ ಬೆರ್ಟಾಳ ರೆಕ್ಕೆಗೆ ಹಸಿರು ಕೆಂಪು ಬಲ್ಬು ಸುತ್ತಿ, ಕೆಳಗೆ ಜನ ಕೂತು ಸಾಸೇಜು ತಿನ್ನುವುದು ಅವನ ಕಣ್ಣಿಗೆ ಕಟ್ಟಿತು.

"ನಾನು ಉಜ್ತೀನಿ. ಒಬ್ಬನೇ ಉಜ್ತೀನಿ" ಎಂದ.

"ನೀನು ಉಜ್ಜಲ್ಲ." ಇದು ಹಿಂದಿನ ಬೆಂಚಿನಿಂದ ರೋಸ್ವಿಟಾ. "ಡಾಕ್ಟರು ಏನಂದ್ರು ಅಂತ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ಅದನ್ನ ಇಲ್ಲಿ ಯಾಕೆ..."

"ಶ್ವಾಸಕೋಶದ ತುಂಬ ಬಣ್ಣದ ಪುಡಿ ಇದೆಯಂತೆ. ಇನ್ನೊಂದು ಚಳಿಗಾಲ ಈ ಧೂಳು ಕುಡಿದ್ರೆ ಆಮೇಲೆ ಆಕ್ಸಿಜನ್ ಬಾಟ್ಲಿ ಎಳ್ಕೊಂಡು ಓಡಾಡ್ಬೇಕಂತೆ. ಇಷ್ಟೇ. ಈಗ ಮುಂದುವರೀರಿ."

ಸಭೆ ಮುಂದುವರಿಯಲಿಲ್ಲ. ಎಗಾನ್ ಇಲ್ಲದೆ ಉಜ್ಜುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ, ಗೊತ್ತಿದ್ದವರಿಗೆ ಮನಸ್ಸಿರಲಿಲ್ಲ. ಆಗ ಬಾಗಿಲ ಹತ್ತಿರ ಕೂತಿದ್ದ ನುರ್ಜಾನ್ ಕೈಯೆತ್ತಿದಳು. ನಲವತ್ತಮೂರರ ಹೆಂಗಸು, ಹಾರಲು ಕಲಿಯಲು ಸೇರಿ ಎರಡು ವರ್ಷವಾಗಿತ್ತು, ಇನ್ನೂ ಒಬ್ಬಳೇ ಹಾರಿರಲಿಲ್ಲ. ಕಣಿವೆಯಲ್ಲಿ ಅವಳದೊಂದು ಅಂಗಡಿ: ಬೇಕರಿ ವ್ಯಾನು, ಟ್ಯಾಕ್ಸಿ, ಆಂಬುಲೆನ್ಸುಗಳಿಗೆ ಬಣ್ಣದ ವಿನೈಲ್ ಹಾಳೆ ಅಂಟಿಸುವುದು.

"ಉಜ್ಜೋದ್ಯಾಕೆ? ಬಿರುಕು ತುಂಬಿ, ಒದ್ದೆ ಮಾಡಿ ಮೇಲೆ ಮೇಲೆ ತಿಕ್ಕಿ, ತೆಳ್ಳಗಿರೋ ವಿನೈಲ್ ಸುತ್ತಿಬಿಡೋಣ. ಬಿಳೀದು. ಧೂಳಿಲ್ಲ. ಬಣ್ಣಕ್ಕಿಂತ ಹಗುರ. ಬೇಡ ಅಂದ್ರೆ ಕಿತ್ತೂ ಹಾಕಬಹುದು."

"ಅದು ವಿಮಾನ ಕಣೆ" ಎಂದ ಎಗಾನ್. "ಕ್ರಿಸ್‌ಮಸ್ ಉಡುಗೊರೆಯಲ್ಲ, ಕಾಗದದಲ್ಲಿ ಸುತ್ತಿ ರಿಬ್ಬನ್ ಕಟ್ಟೋಕೆ."

"ರಿಬ್ಬನ್ ಬೇಡ ಬಿಡು, ಎಗಾನ್ ಅಮ್ಜಾ. ತೂಕ ಜಾಸ್ತಿಯಾಗತ್ತೆ."

ಸಭೆ ನಕ್ಕಿತು. ಕ್ಲಬ್ಬಿನಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’. ನುರ್ಜಾನಳ ತುರ್ಕಿ ಮನೆಯಲ್ಲೋ ಹಿರಿಯರನ್ನು ಬರಿ ಹೆಸರಿನಿಂದ ಕರೆದರೆ ಅವಳಮ್ಮ ಕಿವಿ ಹಿಂಡುತ್ತಿದ್ದಳು. ಅವಳು ಎರಡನ್ನೂ ಸೇರಿಸಿ, ‘ನೀನು’ ಎಂದು ಬಾಯಿ ತುಂಬ ಹೇಳುತ್ತಲೇ ಕೊನೆಗೊಂದು ‘ಅಮ್ಜಾ’, ಚಿಕ್ಕಪ್ಪ, ಸಿಕ್ಕಿಸಿಬಿಡುತ್ತಿದ್ದಳು. ಎಗಾನ್‌ಗೆ ಇದರಿಂದ ಬೈಯಲೂ ಆಗದ, ಮೆಚ್ಚಲೂ ಆಗದ ಪೇಚು.

ಫೋಲ್ಕ್‌ಮಾರ್ ತೀರ್ಪು ಕೊಟ್ಟ: ಏಪ್ರಿಲ್‌ನ ಹಾರಾಟದ ಮೊದಲ ದಿನಕ್ಕೆ ಬೆರ್ಟಾ ತಯಾರಾಗಿ, ಪರೀಕ್ಷಕರ ಸಹಿ ಪಡೆದು, ಎಲ್ಲರೆದುರು ತಕರಾರಿಲ್ಲದೆ ಹಾರಿಳಿದರೆ ಉಳಿಯುತ್ತಾಳೆ. ಇಲ್ಲವಾದರೆ ಬಿಯರ್ ತೋಟದ ಮಾಡು.

ಆ ಚಳಿಗಾಲದ ಮೊದಲ ತಿಂಗಳು ಎಗಾನ್ ಶೆಡ್ಡಿನ ಬಾಗಿಲ ಬಳಿ ಒಂದು ಸ್ಟೂಲಿನ ಮೇಲೆ ಕೂತ. ಕೈಯಲ್ಲಿ ಕಾಫಿ, ಮುಖದಲ್ಲಿ ಹರಳೆಣ್ಣೆ. ಎಳೆದು ನೋಡಿದರೆ ಅಷ್ಟುದ್ದ ಹಿಗ್ಗುವ ಆ ಹಾಳೆಯನ್ನು ಅವನು ‘ಅಂಟುಕಾಗದ’ ಎಂದೇ ಕರೆದ. ನುರ್ಜಾನ್ ಬಿಸಿಗಾಳಿಯ ಯಂತ್ರದಿಂದ ಹಾಳೆಯನ್ನು ಮೆತ್ತಗೆ ಮಾಡಿ, ಅಂಚಿಗೆ ಉಣ್ಣೆಬಟ್ಟೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿಯಿಂದ ನಡುವಿನಿಂದ ಹೊರಕ್ಕೆ ಒತ್ತುತ್ತಾ ಹೋಗುವಳು. ಒಳಗೆ ಸಿಕ್ಕಿಕೊಂಡ ಗಾಳಿ ಇಲಿಯ ಹಾಗೆ ಅಂಚಿನ ಕಡೆ ಓಡುವುದು.

"ಗುಳ್ಳೆ!" ಎಂದು ಸ್ಟೂಲಿನಿಂದ ಕೂಗು.

"ನೋಡಿದೆ ಅಮ್ಜಾ."

"ಬಲಗಡೆ."

"ಅದು ನಿನ್ನ ಕನ್ನಡಕದ ಮೇಲಿರೋ ಕಾಫಿ."

ರೆಕ್ಕೆಯ ಸರದಿ ಬಂದಾಗ ಎಗಾನ್ ಇನ್ನು ತಡೆಯಲಾರದೆ ಎದ್ದು ಬಂದ. "ಮಾಡಿಗೆ ಹಂಚು ಹೊದಿಸೋ ಹಾಗೆ ಹೊದಿಸ್ಬೇಕು, ತಿಳೀತಾ? ಗಾಳಿ ಹೋಗೋ ಕಡೆ, ಹಿಂದಿನ ಅಂಚಿಂದ ಶುರು ಮಾಡಿ ಮುಂದಕ್ಕೆ ಬರ್ಬೇಕು. ಮುಂದಿನ ಪಟ್ಟಿ ಹಿಂದಿನದರ ಮೇಲೆ ಕೂರ್ಬೇಕು. ಇಲ್ದಿದ್ರೆ ಗಾಳಿ ಉಗುರು ಹಾಕಿ ಎತ್ತಿಬಿಡತ್ತೆ."

"ಗೊತ್ತು. ಬ್ರೆಡ್ ವ್ಯಾನೂ ಹೈವೇನಲ್ಲಿ ನೂರನಲವತ್ತರಲ್ಲಿ ಓಡತ್ತೆ."

ಐವತ್ತು ವರ್ಷದ ಜ್ಞಾನವನ್ನು ದಾನ ಮಾಡಲು ಬಂದವನಿಗೆ ಪಾತ್ರೆ ಮೊದಲೇ ತುಂಬಿದೆ ಎಂದಂತಾಯಿತು. ಎಗಾನ್ ಮತ್ತೆ ಸ್ಟೂಲಿಗೆ ಹೋದ.

ಅವನನ್ನು ಸ್ಟೂಲಿನಿಂದ ಎಬ್ಬಿಸಿದ್ದು ಒಂದು ಮರಳಿನ ಕಾಳು. ಎಡರೆಕ್ಕೆಯ ಮೇಲೆ ಹಾಳೆ ಎಳೆದಾಗ ನಡುವೆ ಏನೋ ಉಬ್ಬಿತು. ನುರ್ಜಾನ್ ಕಿತ್ತಳು, ಒರೆಸಿದಳು, ಮತ್ತೆ ಎಳೆದಳು, ಮತ್ತೆ ಉಬ್ಬು. ವಿನೈಲ್ ಏನನ್ನೂ ಮುಚ್ಚಿಡುವುದಿಲ್ಲ. ಕೆಳಗೆ ಸಾಸಿವೆಯಿದ್ದರೆ ಮೇಲೆ ಬಟಾಣಿ ಕಾಣುತ್ತದೆ. ಮೂರನೇ ಸಲ ಅವಳು ಹಾಳೆ ಕೆಳಗಿಟ್ಟು ಅಲ್ಲೇ ಸಿಮೆಂಟು ನೆಲದ ಮೇಲೆ ಕೂತುಬಿಟ್ಟಳು.

"ಅಮ್ಜಾ, ನನ್ನ ಕಣ್ಣಿಗೆ ಕಾಣ್ತಿಲ್ಲ. ನಿನ್ನ ಕೈ ಸ್ವಲ್ಪ ಕೊಡ್ತೀಯಾ?"

ಎಗಾನ್ ಬಂದ. ಕಣ್ಣು ಮುಚ್ಚಿದ. ಅಂಗೈಯನ್ನು ರೆಕ್ಕೆಯ ಮೇಲಿಟ್ಟು ನಿಧಾನಕ್ಕೆ, ನಿದ್ದೆ ಹೋದ ದನದ ಬೆನ್ನು ಸವರುವಂತೆ, ತುದಿಯಿಂದ ಬುಡಕ್ಕೆ ಬಂದ. "ಇಲ್ಲಿ. ಇಲ್ಲಿ. ಇಲ್ಲೊಂದು ಸಣ್ಣ ಗುಂಡಿ. ಇಲ್ಲಿ ಬಿರುಕು ತುಂಬಿದ್ದು ಒಂದು ಕೂದಲಿನಷ್ಟು ಜಾಸ್ತಿಯಾಗಿದೆ." ಅವಳು ಸೀಸದ ಕಡ್ಡಿಯಿಂದ ಗುರುತು ಹಾಕುತ್ತ ಹೋದಳು. ಮಧ್ಯಾಹ್ನದ ಹೊತ್ತಿಗೆ ರೆಕ್ಕೆಗೆ ದಡಾರ ಎದ್ದಂತಿತ್ತು.

ಅಂದಿನಿಂದ ಶೆಡ್ಡಿನ ಕೆಲಸ ಹೀಗೆ ನಡೆಯಿತು: ಎಗಾನ್ ಸವರುವುದು, ನಾವೆಲ್ಲ ನೀರು ಹಾಕಿಕೊಂಡು ತಿಕ್ಕುವುದು, ನುರ್ಜಾನ್ ಅಂಟಿಸುವುದು. ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗೆ ಹಾಳೆ ಹಚ್ಚಿದಾಗ ಅದರ ತೂಕ ನಿಗದಿಗಿಂತ ಹೆಚ್ಚಬಾರದೆಂದು ರೋಸ್ವಿಟಾಳ ಅಡುಗೆಮನೆಯ ತಕ್ಕಡಿಯೂ ಶೆಡ್ಡಿಗೆ ಬಂತು. ಆ ವರ್ಷ ಹೇಫೆಲೆಯವರ ಮನೆಯ ಕ್ರಿಸ್‌ಮಸ್ ಕೇಕು ಅಂದಾಜಿನ ಮೇಲೆ ಬೆಂದಿತು. ಎಗಾನ್ ಈಗಲೂ ‘ಅಂಟುಕಾಗದ’ ಎಂದೇ ಕರೆಯುತ್ತಿದ್ದ, ಆದರೆ ನುರ್ಜಾನ್ ಊಟಕ್ಕೆ ಹೋದಾಗ ಅವಳ ಪ್ಲಾಸ್ಟಿಕ್ ಪಟ್ಟಿಯನ್ನೆತ್ತಿ ಗಾಳಿಯಲ್ಲಿ ಒತ್ತಿ ಒತ್ತಿ ನೋಡುತ್ತಿದ್ದುದನ್ನು ಕಂಡವರಿದ್ದಾರೆ.

ಮಾರ್ಚ್ ಕೊನೆಗೆ ಪರೀಕ್ಷಕ ಬಂದ. ತೂಗಿದ, ಅಳೆದ, ಬಗ್ಗಿ ನೋಡಿದ. ಮುಖ್ಯವಾಗಿ ಒಡಲಿನ ಹಿಂಭಾಗದಲ್ಲಿ ಎರಡೂ ಪಕ್ಕಕ್ಕಿರುವ ಸೂಜಿಮೊನೆಯಷ್ಟು ತೂತುಗಳನ್ನು ನೋಡಿದ. ಹೊರಗಿನ ಗಾಳಿಯ ಒತ್ತಡ ಅಲ್ಲಿಂದಲೇ ಒಳಗಿನ ಯಂತ್ರಗಳಿಗೆ ಮುಟ್ಟಬೇಕು. ಎತ್ತರ ತೋರಿಸುವ ಮುಳ್ಳು, ವೇಗ ತೋರಿಸುವ ಮುಳ್ಳು ಎರಡೂ ಬದುಕಿರುವುದು ಆ ತೂತುಗಳ ಭಿಕ್ಷೆಯಲ್ಲಿ. ನುರ್ಜಾನ್ ಹಾಳೆ ಅಂಟಿಸಿದ ಮೇಲೆ ಅವನ್ನು ಬಿಸಿ ಸೂಜಿಯಿಂದ ಒಂದೊಂದಾಗಿ ಬಿಡಿಸಿದ್ದಳು. ಪರೀಕ್ಷಕ ಗಾಳಿ ತುಂಬಿದ ಪಿಚಕಾರಿಯಿಟ್ಟು ಪರೀಕ್ಷಿಸಿ, ಸರಿಯಿದೆ ಎಂದು ಸಹಿ ಹಾಕಿದ.

ಮೊದಲ ಹಾರಾಟಕ್ಕೆ ಒಂದು ವಾರ ಮುಂಚಿನ ಶನಿವಾರ ಎಗಾನ್ ಒಬ್ಬನೇ ಬೆರ್ಟಾಳನ್ನು ತೊಳೆಯಲು ನಿಂತ. ತೊಳೆಯುವಾಗ ಆ ತೂತುಗಳಿಗೆ ನೀರು ನುಗ್ಗದಂತೆ ಮೇಲೆ ಕೆಂಪು ಟೇಪು ಹಚ್ಚಬೇಕೆಂಬುದು ಕ್ಲಬ್ಬಿನ ನಿಯಮ. ಕೆಂಪೇ ಯಾಕೆಂದರೆ, ಮರೆತರೂ ಕಣ್ಣಿಗೆ ಚುಚ್ಚಬೇಕು. ಈ ನಿಯಮ ಬರೆದವನು ಎಗಾನೇ.

ಟೇಪಿನ ಸುರುಳಿ ಕೈಗೆತ್ತಿಕೊಂಡ. ಹಾಲಿನಂಥ ಹೊಸ ತೊಗಲನ್ನು ನೋಡಿದ. ಟೇಪಿನ ಅಂಟು ಹಿಡಿದು ಹಾಳೆ ಎದ್ದು ಬಂದರೆ? ಕೆಂಪು ಕಲೆ ಉಳಿದರೆ? ನೆಲದ ಮೇಲೆ ಬಿಳಿ ವಿನೈಲಿನ ತುಂಡುಗಳು ಬಿದ್ದಿದ್ದವು. ಅಕ್ಕಪಕ್ಕ ಯಾರೂ ಇರಲಿಲ್ಲ. ಜೇಬಿನಿಂದ ಒಂದು ನಾಣ್ಯ ತೆಗೆದು, ಅದರ ಸುತ್ತ ಗೆರೆ ಎಳೆದು, ಎರಡು ಬಿಲ್ಲೆ ಕತ್ತರಿಸಿದ. ಬಿಸಿಗಾಳಿ ತೋರಿಸಿದ. ನಡುವಿನಿಂದ ಹೊರಕ್ಕೆ, ಉಸಿರು ಬಿಗಿಹಿಡಿದು, ಒತ್ತಿದ. ಒಂದು ಗುಳ್ಳೆಯಿಲ್ಲ. ಹಿಂದೆ ಸರಿದು ನೋಡಿದ; ಬಿಲ್ಲೆ ಎಲ್ಲಿದೆಯೆಂದು ಅವನಿಗೇ ಕಾಣಲಿಲ್ಲ. ಎಪ್ಪತ್ತೊಂದನೇ ವಯಸ್ಸಿನಲ್ಲಿ ಕದ್ದು ಮಾಡಿದ ಕೆಲಸ ಇಷ್ಟು ಚೆನ್ನಾಗಿ ಬಂದದ್ದಕ್ಕೆ ಕಿವಿಯವರೆಗೆ ಕೆಂಪಾದ.

ತೊಳೆದು ಮುಗಿಸಿ, ಒರೆಸಲು ಬಟ್ಟೆ ಹಿಂಡುತ್ತಿದ್ದಾಗ ಫೋನು ಹೊಡೆದುಕೊಂಡಿತು. ರೋಸ್ವಿಟಾ.

"ಎಗಾನ್, ಈ ವಾರ ಮೆಟ್ಟಿಲು ಗುಡಿಸೋ ಪಾಳಿ ನಮ್ದು. ಗಂಟೆ ನಾಲ್ಕಾಯ್ತು. ಮೇಲಿನ ಮನೆಯವಳು ಆಗ್ಲೇ ಎರಡು ಸಲ ಬಾಗಿಲು ತೆಗೆದು ಮೆಟ್ಟಿಲು ನೋಡಿ, ನನ್ನ ಮುಖ ನೋಡಿ, ಒಳಗೆ ಹೋದ್ಳು."

"ಬೆರ್ಟಾನ ಒರೆಸಿ..."

"ಬೆರ್ಟಾ ಆಡ್ಕೊಳಲ್ಲ. ಮೇಲಿನ ಮನೆಯವಳು ಆಡ್ಕೋತಾಳೆ."

ನಮ್ಮ ಸೀಮೆಯಲ್ಲಿ ಹೆಂಡತಿ ಸಿಟ್ಟಾದರೆ ಸಂಜೆಗೆ ಸರಿಹೋಗುತ್ತದೆ. ಮೆಟ್ಟಿಲು ಗುಡಿಸದ ಸುದ್ದಿ ಮೊಮ್ಮಕ್ಕಳವರೆಗೆ ಹೋಗುತ್ತದೆ. ಎಗಾನ್ ಓಡಿದ. ಒದ್ದೆ ಬೆರ್ಟಾಳನ್ನು ಒರೆಸಿ ಒಳಗಿಟ್ಟವರು ಬೇರೆಯವರು.

ಮರುವಾರ ಭಾನುವಾರ ಗುಡ್ಡದ ಮೇಲೆ ಅರುವತ್ತು ಜನ. ಆಲೂಗಡ್ಡೆ ಸಲಾಡು, ಬಿಸಿ ಮಾಂಸದ ರೊಟ್ಟಿ, ಅಧ್ಯಕ್ಷರ ಭಾಷಣ. ಬಿಯರ್ ತೋಟದ ಮಾಲೀಕನೂ ಅಳತೆಯ ಟೇಪು ಜೇಬಿನಲ್ಲಿಟ್ಟುಕೊಂಡು ಬಂದಿದ್ದ. ಬೆರ್ಟಾ ಹುಲ್ಲಿನ ಮೇಲೆ ಹಂಸದ ಹಾಗೆ ಹೊಳೆಯುತ್ತಿದ್ದಳು. ಎಲ್ಲರೂ ಸವರಿದರು. ಇದನ್ನು ಬರೆಯುತ್ತಿರುವ ಮಹಾಶಯನೂ ಸವರಿ, ಬಲ್ಲವನಂತೆ ತಲೆದೂಗಿ, "ಎಲ್ಲೂ ಜೋಡಣೆಯೇ ಗೊತ್ತಾಗಲ್ಲ" ಎಂದ. ಸವರಿದ್ದು ಬಿಲ್ಲೆಯ ಮೇಲೇ ಇರಬೇಕೆಂದು ಆಮೇಲೆ ಅವನಿಗೆ ಅನ್ನಿಸಿತು.

ಹಾರುವವನು ಎಗಾನೇ. ತಪಾಸಣೆಯ ಪಟ್ಟಿ ಹಿಡಿದು ಒಂದೊಂದಾಗಿ ನೋಡಿದ. ಹಿಡಿಕೆ, ಸೀಟಿನ ಬೆಲ್ಟು, ಬಾಲ, ಚಕ್ರ. ಏಳನೇ ಸಾಲು: ‘ಕೆಂಪು ಟೇಪು ತೆಗೆದಿದೆಯೇ?’ ಎಗಾನ್ ಒಡಲನ್ನು ನೋಡಿದ. ಕೆಂಪು ಎಲ್ಲೂ ಇರಲಿಲ್ಲ. ‘ತೆಗೆದಿದೆ’ ಎಂದು ಗುರುತು ಹಾಕಿದ.

ದೂರದಲ್ಲಿ ವಿಂಚ್ ಯಂತ್ರ ಗುರುಗುಟ್ಟಿ, ಬೆರ್ಟಾಳಿಗೆ ಸಿಕ್ಕಿಸಿದ್ದ ಹಗ್ಗವನ್ನು ಸುತ್ತಿಕೊಳ್ಳತೊಡಗಿತು. ಹಗ್ಗ ಬಿಗಿಯಿತು, ಬೆರ್ಟಾ ಜಾರಿದಳು, ಜಿಗಿದಳು, ಮೂಗು ಆಕಾಶಕ್ಕೆ ಎತ್ತಿದಳು. ವೇಗದ ಮುಳ್ಳು ನೂರಕ್ಕೆ ಬಂತು. ಮರುಗಳಿಗೆ ಅರುವತ್ತು. ಮೂವತ್ತು. ಸೊನ್ನೆ. ಎತ್ತರದ ಮುಳ್ಳು ಕದಲಲೇ ಇಲ್ಲ. ಕೆಳಗೆ ಮನುಷ್ಯರು ಸಾಸಿವೆಯಾಗುತ್ತಿದ್ದರು, ಮುಳ್ಳುಗಳು ಮಾತ್ರ ಒಕ್ಕೊರಲಿನಿಂದ ಹೇಳುತ್ತಿದ್ದವು: ಎಗಾನ್, ನೀನಿನ್ನೂ ಹುಲ್ಲಿನ ಮೇಲೇ ನಿಂತಿದ್ದೀಯ.

ವೇಗ ಬಿದ್ದರೆ ಮೂಗು ತಗ್ಗಿಸು ಎಂಬುದು ಗ್ಲೈಡರಿನವನಿಗೆ ಮೊದಲ ಪಾಠ. ಎಗಾನ್‌ನ ಕೈ ತಗ್ಗಿಸಲು ಹೋಯಿತು. ಪೃಷ್ಠ ಬೇಡ ಎಂದಿತು. ಸೀಟು ಅವನನ್ನು ಗಟ್ಟಿಯಾಗಿ ಒತ್ತುತ್ತಿತ್ತು. ವೇಗ ಸತ್ತ ಗ್ಲೈಡರ್ ಹಾಗೆ ಒತ್ತುವುದಿಲ್ಲ. ಅವನು ಪೃಷ್ಠದ ಮಾತು ಕೇಳಿದ. ಹಗ್ಗ ಬಿಟ್ಟ.

ಹಗ್ಗ ಬಿಟ್ಟ ನಿಶ್ಶಬ್ದದಲ್ಲಿ ಅವನಿಗೆ ನೆನಪಾಯಿತು. ನಾಣ್ಯ. ಬಿಲ್ಲೆ. ಮೆಟ್ಟಿಲು.

ಹೊರಡುವ ಜಾಗದ ರೇಡಿಯೋದಲ್ಲಿ ಅವನ ಧ್ವನಿ ಅರುವತ್ತು ಜನಕ್ಕೂ ಕೇಳಿಸಿತು. "ಬೆರ್ಟಾಳ ಮುಳ್ಳುಗಳು ಸತ್ತಿವೆ. ನಾನು ಬದುಕಿದ್ದೀನಿ. ಇಳೀತೀನಿ, ದಾರಿ ಬಿಡಿ."

ಇಳಿಯುವುದೆಂದರೆ ಕಿವಿಯಿಂದ ಇಳಿಯಬೇಕು. ಹಳೆಯ ಬೆರ್ಟಾ ಸರಿಯಾದ ವೇಗದಲ್ಲಿ ರೋಸ್ವಿಟಾಳ ಕೆಟಲಿನಂತೆ, ಕುದಿಯುವುದಕ್ಕೆ ತುಸು ಮುಂಚೆ ಹಾಡುವಂತೆ ಹಾಡುತ್ತಿದ್ದಳು. ಹೊಸ ತೊಗಲಿನ ಬೆರ್ಟಾ ಮೆತ್ತಗಾಗಿದ್ದಳು. ಅದೇ ವೇಗಕ್ಕೆ ಈಗ ಪಿಸುಮಾತು. ಹಳೆಯ ಹಾಡಿಗೆ ಕಾದರೆ ವೇಗ ಮಿತಿಮೀರುತ್ತದೆ. ಎಗಾನ್ ಎರಡು ಸಲ ಮೂಗನ್ನು ಮೇಲೆ ಕೆಳಗೆ ಮಾಡಿ, ಅವಳ ಹೊಸ ದನಿಗೆ ಕಿವಿ ಹೊಂದಿಸಿಕೊಂಡ. ಕಾಡಿನಂಚಿನಲ್ಲಿ ಎಡ ಪೃಷ್ಠದ ಕೆಳಗೆ ಯಾರೋ ಮೆಲ್ಲನೆ ಎತ್ತಿದಂತಾಯಿತು: ಬಿಸಿಗಾಳಿ, ವರ್ಷದ ಮೊದಲನೆಯದು. ನಿಟ್ಟುಸಿರು ಬಿಟ್ಟು ಅದನ್ನು ದಾಟಿ ಬಂದ. ಅಗಲವಾಗಿ ತಿರುಗಿ, ಹುಲ್ಲಿನ ಮೇಲೆ ಬೆಣ್ಣೆ ಸವರಿದಂತೆ ಇಳಿಸಿದ. ನೆಲ ಮುಟ್ಟುವ ಹೊತ್ತಿಗೆ ಮುಳ್ಳುಗಳೆಲ್ಲ ಸಾಚಾ ಆಗಿ, ಸರಿಯಾದ ಎತ್ತರ ತೋರಿಸುತ್ತ ಕೂತಿದ್ದವು.

ಜನ ಓಡಿ ಬಂದರು. ಮೊದಲು ಬಂದವನು ಫೋಲ್ಕ್‌ಮಾರ್. ಎಗಾನ್ ಇಡಿಯಾಗಿರುವುದನ್ನು ನೋಡಿ ಉಸಿರು ಬಿಟ್ಟ, ಆಮೇಲೆ ಒಡಲಿನ ಪಕ್ಕ ಬಗ್ಗಿದ.

"ತೂತುಗಳೇ ಇಲ್ಲ! ಎರಡೂ ಕಡೆ ಇಲ್ಲ. ಹಾಳೆ ಬಿಸಿಲಿಗೆ ಜಾರಿ ಮುಚ್ಕೊಂಡಿದೆ. ನಂಗೆ ಮೊದಲೇ ಅನುಮಾನ ಇತ್ತು. ಬ್ರೆಡ್ ವ್ಯಾನಿಗೆ ಮಾಡೋದನ್ನ ವಿಮಾನಕ್ಕೆ ಮಾಡಿದ್ರೆ ಇದೇ ಆಗೋದು."

ನುರ್ಜಾನಳ ಮುಖ ಬೆರ್ಟಾಳಿಗಿಂತ ಬಿಳಿಯಾಗಿತ್ತು. "ನಾನು ಬಿಡಿಸಿದ್ದೆ. ಬಿಸಿ ಸೂಜಿಯಿಂದ. ಪರೀಕ್ಷಕರೂ ನೋಡಿದ್ರು..." ಎಂದಳು. ಆಮೇಲೆ ಅವಳ ದನಿಯಲ್ಲೇ ಅನುಮಾನ ಹೊಕ್ಕಿತು. "ಬಿಡಿಸಿದ್ದೆ ಅಲ್ವಾ?"

ಎಗಾನ್ ಸೀಟಿನಲ್ಲೇ ಕೂತಿದ್ದ. ಅವನಿಗೆ ಗೊತ್ತಿದ್ದದ್ದು ಬೇರೆ ಯಾರಿಗೂ ಗೊತ್ತಿರಲಿಲ್ಲ. ಸುಮ್ಮನಿದ್ದರೆ ಅರ್ಧಶತಮಾನದ ಹೆಸರು ಉಳಿಯುತ್ತದೆ: ಯಂತ್ರ ಕೈಕೊಟ್ಟರೂ ಕೂತ ಜಾಗದಿಂದ ಹಾರಿದ ಎಗಾನ್. ಬೆರ್ಟಾ ಮಾಡಿನ ಮೇಲೆ ಹೋಗುತ್ತಾಳೆ, ಬಲ್ಬು ಹೊತ್ತಿಕೊಳ್ಳುತ್ತದೆ. ಇನ್ನೂ ಒಬ್ಬಳೇ ಹಾರದ ಆ ಹೆಂಗಸು ಬಹುಶಃ ಇನ್ನು ಈ ಗುಡ್ಡಕ್ಕೆ ಬರುವುದಿಲ್ಲ. ಬಿಯರ್ ತೋಟದವನು ಆಗಲೇ ರೆಕ್ಕೆಯ ತುದಿಗೆ ಅಳತೆಯ ಟೇಪು ಹಿಡಿದಿದ್ದ.

ಎಗಾನ್ ಒಂದೊಂದೇ ಮಂಡಿ ಹೊರಗಿಟ್ಟು ಇಳಿದ. ಯಾರನ್ನೂ ನೋಡದೆ ಒಡಲಿನ ಹಿಂಭಾಗಕ್ಕೆ ಹೋದ. ಕಣ್ಣು ಮುಚ್ಚಿ ಅಂಗೈ ಸವರಿದ. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದ. ಬಿಳಿಯ ಮೇಲಿಂದ ಬಿಳಿ ಬಿಲ್ಲೆ ಎದ್ದು ಬಂತು. ಕೆಳಗೆ ತೂತುಗಳು ಇದ್ದಲ್ಲೇ ಇದ್ದವು.

"ಇದು ಅವಳದಲ್ಲ. ಇದು ನಂದು" ಎಂದ. "ತೊಳೆಯುವಾಗ ನೀರು ಹೋಗ್ಬಾರ್ದು ಅಂತ ಅಂಟಿಸ್ದೆ. ಕೆಂಪು ಟೇಪು ಹಚ್ಚೋಕೆ ಮನಸ್ಸು ಬರ್ಲಿಲ್ಲ. ಚೆಂದ ಕೆಡತ್ತೆ ಅಂತ. ಆಮೇಲೆ ಮರೆತೆ."

"ನಿಯಮ ಬರೆದವನು ನೀನು" ಎಂದ ಫೋಲ್ಕ್‌ಮಾರ್ ದಂಗಾಗಿ.

"ಅದಕ್ಕೇ ಮುರಿಯೋಕೆ ಧೈರ್ಯ ಬಂತು."

ನುರ್ಜಾನ್ ಅವನ ಕೈಯಿಂದ ಬಿಲ್ಲೆ ಕಿತ್ತುಕೊಂಡಳು. "ಸತ್ತೋಗ್ತಿದ್ಯಲ್ಲ, ಮುದಿ ಕತ್ತೆ!" ಎಂದಳು, ಅಮ್ಜಾ ಸೇರಿಸದೆ. ಕಣ್ಣಲ್ಲಿ ನೀರು ತುಂಬಿತ್ತು. ಆಮೇಲೆ ಬಿಲ್ಲೆಯನ್ನು ಬಿಸಿಲಿಗೆ ಹಿಡಿದಳು. ಇನ್ನೊಂದು ಪಕ್ಕಕ್ಕೆ ಹೋಗಿ ಅಲ್ಲಿನ ಬಿಲ್ಲೆಯನ್ನು ಹುಡುಕಿದಳು, ಸಿಗಲಿಲ್ಲ. ಎಗಾನ್ ಬಂದು ಬೆರಳಿಟ್ಟು ತೋರಿಸಬೇಕಾಯಿತು.

"ಗುಳ್ಳೆ ಇಲ್ಲ" ಎಂದಳು ನಿಧಾನಕ್ಕೆ. "ಅಂಚೂ ಇಲ್ಲ. ಯಾರು ಕಲಿಸಿದ್ರು ನಿಂಗೆ?"

"ಸ್ಟೂಲಿನ ಮೇಲಿಂದ ನೋಡಿ ಕಲ್ತೆ."

"ನನ್ನ ಅಂಗಡೀಲಿ ಮೂರು ವರ್ಷದಿಂದ ಒಬ್ಬನಿದಾನೆ, ಅವನಿಗೆ ಬರಲ್ಲ ಇದು."

ರೋಸ್ವಿಟಾ ಮೊದಲು ನಕ್ಕಳು. ಆಮೇಲೆ ಎಲ್ಲರೂ.

ಫೋಲ್ಕ್‌ಮಾರ್ ನಗಲಿಲ್ಲ. ತಕರಾರಿಲ್ಲದೆ ಹಾರಿಳಿಯಬೇಕೆಂಬುದು ಕರಾರು, ತಕರಾರು ಆಗಿದೆ ಎಂದ. ತಕರಾರು ಹಾಳೆಯದಲ್ಲ, ಎಗಾನ್‌ನದು ಎಂದಳು ರೋಸ್ವಿಟಾ. ಬೇಕಾದರೆ ಅವನನ್ನೇ ಮಾಡಿನ ಮೇಲೆ ಕೂರಿಸಿ ದೀಪ ಹಾಕಿ ಎಂದಳು. ತಪಾಸಣೆಯಲ್ಲಿ ತಪ್ಪಿದವನು ಆ ದಿನ ಮತ್ತೆ ಹಾರುವಂತಿಲ್ಲ. ಈ ನಿಯಮವೂ ಎಗಾನ್ ಬರೆದದ್ದೇ. ಕೊನೆಗೆ, ನ್ಯಾಯವಾಗಿ ನೋಡಬೇಕಾದರೆ ತಾನೇ ಹಾರಿ ನೋಡಬೇಕೆಂದು ಗಣಿತದ ಮೇಷ್ಟ್ರು ತೀರ್ಮಾನಿಸಿದ. ತೂತುಗಳನ್ನು ಪಿಚಕಾರಿಯಿಟ್ಟು ಪರೀಕ್ಷಿಸಿದರು. ಫೋಲ್ಕ್‌ಮಾರ್ ಹತ್ತು ನಿಮಿಷದಲ್ಲಿ ಬರುತ್ತೇನೆಂದು ಹೋದ.

"ಕಾಡಿನಂಚಲ್ಲಿ ಎಡಕ್ಕೆ ಹೋಗು" ಎಂದು ಎಗಾನ್ ರೇಡಿಯೋದಲ್ಲಿ ಹೇಳಿದ. "ನನ್ನ ಎಡ ಕುಂಡೆ ಅಲ್ಲಿ ಒಂದು ಗಾಳಿ ಬಿಟ್ಟು ಬಂದಿದೆ."

ಹತ್ತು ನಿಮಿಷವಾಯಿತು. ಅರ್ಧ ಗಂಟೆಯಾಯಿತು. ಬೆರ್ಟಾ ಮೇಲೆ ಬಿಳಿ ಚುಕ್ಕೆಯಾಗಿ ಸುತ್ತುತ್ತಲೇ ಇದ್ದಳು. ಬಿಯರ್ ತೋಟದವನು ಎರಡು ತಟ್ಟೆ ಸಲಾಡು ತಿಂದು, ಟೇಪು ಜೇಬಿಗಿಟ್ಟು ಹೊರಟುಹೋದ. ಒಂದೂಮುಕ್ಕಾಲು ಗಂಟೆಯ ಮೇಲೆ ಫೋಲ್ಕ್‌ಮಾರ್ ಇಳಿದಾಗ ಅವನ ಕಿವಿ ಚಳಿಗೆ ಕೆಂಪಾಗಿತ್ತು, ಮುಖದಲ್ಲಿ ಹತ್ತು ವರ್ಷ ಕಡಿಮೆಯಾಗಿತ್ತು.

"ಪಿಸುಗುಡ್ತಾಳೆ" ಎಂದ. ಬಿಯರ್ ತೋಟದ ಮಾತು ಆಮೇಲೆ ಯಾವ ಸಭೆಯಲ್ಲೂ ಬರಲಿಲ್ಲ.

ಅಷ್ಟಕ್ಕೇ ಎಗಾನ್‌ನನ್ನು ಬಿಟ್ಟರೆ ಅದು ನಮ್ಮ ಕ್ಲಬ್ಬೇ ಅಲ್ಲ. ಮುಳ್ಳುಗಳಿಲ್ಲದೆ ಇದು ಅವನ ಮೊದಲ ಹಾರಾಟ, ಅಂಟಿಸುವ ವಿದ್ಯೆಯಲ್ಲೂ ಮೊದಲನೆಯದು, ಆದ್ದರಿಂದ ಸಂಸ್ಕಾರ ಆಗಲೇಬೇಕೆಂದು ನುರ್ಜಾನ್ ಹಟ ಹಿಡಿದಳು. ಶೆಡ್ಡಿನ ಹಿಂದೆ ಹೋದ ವರ್ಷದ ಒಣ ಮುಳ್ಳುಗಿಡ ಸಿಕ್ಕಿತು. ಎಗಾನ್ ಐವತ್ತನಾಲ್ಕು ವರ್ಷಗಳ ಮೇಲೆ ಮತ್ತೆ ಬಗ್ಗಿ ನಿಂತ. ಅರುವತ್ತು ಜನ ಸಾಲಾಗಿ ಬಂದರು. ವಯಸ್ಸು ನೋಡಿ ಎಲ್ಲರೂ ತಟ್ಟಿದ ಶಾಸ್ತ್ರ ಮಾಡಿದರು, ರೋಸ್ವಿಟಾ ಒಬ್ಬಳನ್ನು ಬಿಟ್ಟು.

"ಇದು ಮೆಟ್ಟಿಲಿಗೆ" ಎಂದು ಒಂದು. "ಇದು ಮರೆತಿದ್ದಕ್ಕೆ ನನ್ನ ಫೋನೇ ಕಾರಣ ಅಂತ ಹೇಳ್ದೆ ಇದ್ದಿದ್ದಕ್ಕೆ" ಎಂದು ಇನ್ನೊಂದು.

ಅಂದು ಅವನು ಆಲೂಗಡ್ಡೆ ಸಲಾಡನ್ನು ನಿಂತುಕೊಂಡೇ ತಿಂದ, ಎಡಗೈಯಲ್ಲಿ ತಟ್ಟೆ, ಬಲಗೈ ಬೆರ್ಟಾಳ ಮೇಲೆ.

ತಪಾಸಣೆಯ ಪಟ್ಟಿಯಲ್ಲಿ ಈಗ ಏಳನೇ ಸಾಲಿನ ಕೆಳಗೆ ಫೋಲ್ಕ್‌ಮಾರ್‌ನ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಎಗಾನ್ ಏನಾದರೂ ಅಂಟಿಸಿದ್ದಾನೆಯೇ? ಅವನನ್ನೇ ಕೇಳಿ.’ ಹಾರುವ ಮೊದಲು ಪ್ರತಿಯೊಬ್ಬರೂ ಶೆಡ್ಡಿಗೆ ಹೋಗಿ ಕೇಳುತ್ತಾರೆ. ಎಗಾನ್ ಪ್ರತಿ ಸಲವೂ ಕೈಲಿದ್ದ ಕೆಲಸ ಬಿಟ್ಟು, ಕಣ್ಣು ಮುಚ್ಚಿ, ಯೋಚಿಸಿ ಉತ್ತರ ಕೊಡುತ್ತಾನೆ. ಜೂನ್ ತಿಂಗಳಲ್ಲಿ ಮೊದಲ ಬಾರಿ ಒಬ್ಬಳೇ ಹಾರಲು ಹೊರಟ ನುರ್ಜಾನ್ ಬಂದು ಕೇಳಿದಾಗ ಮಾತ್ರ, "ತಾಳು, ನಾನೇ ಬಂದು ಸವರಿ ನೋಡ್ತೀನಿ" ಎಂದು ಎದ್ದು ಹೋದ.